ಮುಂದೆ ಕಲ್ಲು, ಪಕ್ಕದಲ್ಲಿ ಬೋಳು

ಬೆಂಗಳೂರಿನ ಯಾವುದಾದರೂ ಹೊಸ ಬಡಾವಣೆಯಲ್ಲಿ ಒಂದು ರೌಂಡ್ ಹೊಡೆದು ಬನ್ನಿ. 30x40 ಸೈಟಿನ ಮನೆ. ಮುಂದೆ ಕಲ್ಲಿನ ಕ್ಲಾಡಿಂಗು, ಟೆಕ್ಸ್ಚರ್ ಪೇಂಟು, ಗಾಜಿನ ರೇಲಿಂಗು.... ಹತ್ತು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿ. ಬೋಳು ಸಾಲಿಡ್ ಬ್ಲಾಕು! ಗಾರೆಯೂ ಇಲ್ಲ, ಬಣ್ಣವೂ ಇಲ್ಲ. ಮದುವೆ ಗಂಡು ಎದೆ ಕಡೆಗೆ ಮಾತ್ರ ಕೋಟು ಹೊಲಿಸಿಕೊಂಡ ಹಾಗೆ.

ಬೈಯೋಕೆ ನನಗೇನೂ ಹಕ್ಕಿಲ್ಲ, ನಮ್ಮ ಮನೆಯೂ ಹಾಗೇ ಇತ್ತು. ಅಪ್ಪನ ರಿಟೈರ್ಮೆಂಟ್ ದುಡ್ಡು, ನನ್ನ ಹೋಮ್ ಲೋನು ಸೇರಿಸಿ ಕಟ್ಟಿದ್ದು. ಪಶ್ಚಿಮದ ಕಡೆ ನಾವು ಬಿಟ್ಟಿದ್ದು ಒಂದೂವರೆ ಅಡಿ (ಪ್ಲಾನಿನಲ್ಲಿ ಎಷ್ಟಿತ್ತು ಅಂತ ಕೇಳಬೇಡಿ). ಸಾರವೆ ಕಟ್ಟೋಕೆ ಜಾಗ ಎಲ್ಲಿ? "ಆ ಕಡೆ ಯಾರು ನೋಡ್ತಾರೆ ಸಾರ್, ಎಲಿವೇಶನ್ ಸೂಪರ್ ಆಗಿ ಮಾಡ್ಕೊಡ್ತೀನಿ" ಅಂದರು ಕಂಟ್ರಾಕ್ಟರು. ಇಂಜಿನಿಯರಿಂಗ್ ಓದಿದ ನಾನು ತಲೆಯಾಡಿಸಿದೆ.

ಯಾರು ನೋಡ್ತಾರೆ? ಮಳೆ ನೋಡುತ್ತೆ ಸ್ವಾಮಿ! ಮುಂಗಾರಿನ ಗಾಳಿ ಬರೋದೇ ನೈಋತ್ಯದಿಂದ. ಪಕ್ಕದ್ದು ಒಂದೇ ಅಂತಸ್ತು, ನಮ್ಮ ಮಹಡಿ ಗೋಡೆಗೆ ನೇರ ಏಟು. ಬ್ಲಾಕಿನ ನಡುವಿನ ಸಂದಿಗಳಲ್ಲಿ, ಪಿಲ್ಲರ್ ಮತ್ತು ಬ್ಲಾಕು ಸೇರೋ ಕಡೆಯ ಕೂದಲೆಳೆ ಬಿರುಕಿನಲ್ಲಿ ನೀರು ಒಳಗೆ ಇಳಿಯಿತು. ಅಕ್ಟೋಬರ್ ಹೊತ್ತಿಗೆ ಅಜ್ಜಿಯ ಮಂಚದ ಹಿಂದೆ ಕಪ್ಪು ಬೂಷ್ಟು, ಅಜ್ಜಿಗೆ ರಾತ್ರಿಯಿಡೀ ಕೆಮ್ಮು. ಒಳಗಿನಿಂದ ಎರಡು ಸಲ ವಾಟರ್‌ಪ್ರೂಫ್ ಪೇಂಟ್ ಹೊಡೆಸಿದೆವು. ನೀರು ಬರ್ತಿರೋದು ಹೊರಗಿನಿಂದ, ಔಷಧಿ ಒಳಗೆ!

ಆ ಕ್ಲಾಡಿಂಗಿಗೆ ಸುರಿದ ದುಡ್ಡಲ್ಲಿ ಉಳಿದ ಮೂರೂ ಕಡೆ ಗಾರೆ ಆಗಿ ಇನ್ನೂ ಮಿಗುತ್ತಿತ್ತು. ಹೊರಗೋಡೆಯ ಗಾರೆ ಅಲಂಕಾರವಲ್ಲ ರೀ, ಅದು ಮನೆಯ ರೇನ್‌ಕೋಟು. ಎರಡು ಕೋಟಿನಲ್ಲಿ ಒಟ್ಟು 20 ಮಿ.ಮೀ. ದಪ್ಪ ಬರಬೇಕು. ಪಿಲ್ಲರ್ ಸಂದಿಗೆ ಮೊದಲು ಚಿಕನ್ ಮೆಶ್ ಹೊಡೆಯಬೇಕು. ಸಜ್ಜದ ಅಡಿ ನೀರು ಗೋಡೆಗೆ ಹಿಂದಿರುಗದ ಹಾಗೆ ಒಂದು ಸಣ್ಣ ಗಾಡಿ ಬಿಡಿಸಬೇಕು. ಕಲಸಿದ ಗಾರೆಗೆ ಟೀ ಕುಡಿದು ಬಂದು ಮತ್ತೆ ನೀರು ಹಾಕಿ ಮೆತ್ತಿದರೆ ಬೇಡ ಅನ್ನಿ, ಅಷ್ಟರಲ್ಲಿ ಸಿಮೆಂಟು ಗಟ್ಟಿಯಾಗೋಕೆ ಶುರುವಾಗಿರುತ್ತೆ. ಇದರಲ್ಲಿ ಒಂದೂ ಗೃಹಪ್ರವೇಶದ ಫೋಟೋದಲ್ಲಿ ಬೀಳಲ್ಲ, ಅದೇ ಸಮಸ್ಯೆ.

"ಲಾರಿ ಬೇಕರ್ ತಿರುವನಂತಪುರದಲ್ಲಿ ಗಾರೆನೇ ಹಾಕ್ತಿರಲಿಲ್ವಲ್ಲ?" ಅಂದ ಗೆಳೆಯನೊಬ್ಬ. ನಿಜ. ಆದರೆ ಅವರು ಇಟ್ಟಿಗೆ ಆರಿಸಿ, ಸಂದಿ ನೀಟಾಗಿ ತುಂಬಿಸಿ, ಮೇಲೆ ಅಗಲವಾದ ಸೂರು ಕೊಡುತ್ತಿದ್ದರು. ಅವರು ಬಿಟ್ಟಿದ್ದು ತೋರಿಸೋಕೆ, ನಾವು ಬಿಟ್ಟಿದ್ದು ಕಾಣಲ್ಲ ಅಂತ.

ಕಳೆದ ಬೇಸಿಗೆಯಲ್ಲಿ ನಾಚಿಕೆ ಬಿಟ್ಟು ಪಕ್ಕದ ಮನೆ ಆಂಟಿಯನ್ನ ಕೇಳಿದೆ. ಅವರ ಟೆರೇಸಿನ ಮೇಲೇ ಸಾರವೆ ನಿಲ್ಲಿಸಿ ಮಹಡಿ ಗೋಡೆಗೆ ಗಾರೆ ಮಾಡಿಸಿದೆವು. ಏಳು ದಿನ ಬೆಳಿಗ್ಗೆ ಸಂಜೆ ನಾನೇ ಪೈಪ್ ಹಿಡಿದು ನೀರು ಹೊಡೆದೆ, ಅವರ ಸಂಡಿಗೆಗೆ ತಾಗದ ಹಾಗೆ. ಕೆಳಗಿನ ಒಂದೂವರೆ ಅಡಿ ಸಂದಿ ಮಾತ್ರ ಈಗಲೂ ಬೋಳೇ. ಅಲ್ಲಿಗೆ ಮೇಸ್ತ್ರಿಯ ಕೈ ಹೋಗಲ್ಲ, ಇಲಿ ಹೋಗುತ್ತೆ :)