ಕೊಲ್ಲದಿದ್ದರೆ ಸಾಕೇ? ಪುತ್ತೂರು, ಸುಳ್ಯ, ಕಡಬದ ಗಂಡು ಕರುಗಳ ಪ್ರಶ್ನೆ



ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಪುತ್ತೂರಿನ ನನ್ನ ಅಂಗಡಿಯ ಬಾಗಿಲು ತೆಗೆಯಲು ಹೋದಾಗ ಜಗಲಿಯಲ್ಲಿ ಗಂಡು ಕರುವೊಂದು ನಡುಗುತ್ತಾ ಮಲಗಿತ್ತು. ಯಾರೋ ರಾತ್ರಿ ತಂದು ಬಿಟ್ಟಿದ್ದರು. ಬಿಟ್ಟವರು ಅದನ್ನು ಕೊಂದಿಲ್ಲ, ಕಟುಕರಿಗೆ ಮಾರಿಯೂ ಇಲ್ಲ. ಹಾಗಾದರೆ ಅವರು ಹಿಂಸೆ ಮಾಡಲಿಲ್ಲವೇ?

ನಮ್ಮ ಹಿರಿಯರ ಕಾಲದಲ್ಲಿ ಗದ್ದೆ ಉಳಲು ಮಲೆನಾಡು ಗಿಡ್ಡ ಹೋರಿಗಳು ಬೇಕಿದ್ದವು. ಇಂದು ಗದ್ದೆಗಳು ಅಡಿಕೆ ತೋಟವಾಗಿವೆ, ಗುಡ್ಡಗಳು ರಬ್ಬರ್ ತೋಟವಾಗಿವೆ. ಉಳಿದ ಗದ್ದೆಗೆ ಟಿಲ್ಲರ್ ಬಂದಿದೆ. ಹಟ್ಟಿಗೆ ಹಾಲಿನ ಮಿಶ್ರತಳಿಗಳು ಬಂದಿವೆ. ಹಾಲು ಬೇಕಾದರೆ ಹಸು ಕರು ಹಾಕಲೇಬೇಕು, ಹುಟ್ಟುವ ಕರುಗಳಲ್ಲಿ ಸುಮಾರು ಅರ್ಧ ಗಂಡು. ಅವಕ್ಕೆ ಕೆಲಸವಿಲ್ಲ, ಮೇವಿನ ಖರ್ಚು ಮಾತ್ರ ಇದೆ.

ರಾಜ್ಯದ 2020ರ ಜಾನುವಾರು ವಧೆ ಪ್ರತಿಬಂಧಕ ಕಾಯ್ದೆಯನ್ನು ನಾವೆಲ್ಲ ಸ್ವಾಗತಿಸಿದೆವು. ಅದರಂತೆ ಹಸು, ಕರು, ಹೋರಿ, ಎತ್ತುಗಳನ್ನು ವಧಿಸಿದರೆ 3ರಿಂದ 7 ವರ್ಷ ಜೈಲು, 50 ಸಾವಿರದಿಂದ 5 ಲಕ್ಷ ರೂಪಾಯಿ ದಂಡ. ಆದರೆ ಸಾಕಿದ ಪ್ರಾಣಿಯನ್ನು ಹಸಿವೆ ಬಾಯಾರಿಕೆಗೆ ಬಿಟ್ಟುಬಿಡುವುದೂ ಅಪರಾಧವೇ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಅದಕ್ಕೆ ಮೊದಲ ಸಲ ಇರುವ ದಂಡ 10ರಿಂದ 50 ರೂಪಾಯಿ! ಕಾನೂನು ಕತ್ತಿಯನ್ನು ತಡೆಯಿತು, ಹುಲ್ಲಿನ ವ್ಯವಸ್ಥೆ ಮಾಡಲಿಲ್ಲ.

ಪ್ರಾಣಿ ಕಲ್ಯಾಣವೆಂದರೆ ಜೀವ ಉಳಿಸುವುದಷ್ಟೇ ಅಲ್ಲ. 1979ರಲ್ಲಿ ಬ್ರಿಟನ್ನಿನ ಕೃಷಿ ಪ್ರಾಣಿ ಕಲ್ಯಾಣ ಮಂಡಳಿ ಐದು ಸ್ವಾತಂತ್ರ್ಯಗಳನ್ನು ಮುಂದಿಟ್ಟಿತು: ಹಸಿವೆ ಬಾಯಾರಿಕೆಯಿಲ್ಲದಿರುವುದು, ಇರಲು ಹಿತವಾದ ಜಾಗ, ನೋವು ರೋಗಗಳಿಂದ ಮುಕ್ತಿ, ಭಯವಿಲ್ಲದ ಬದುಕು, ತನ್ನ ಸಹಜ ಸ್ವಭಾವದಂತೆ ನಡೆದುಕೊಳ್ಳುವ ಅವಕಾಶ. 2014ರ ಮೇ 7ರಂದು ಜಲ್ಲಿಕಟ್ಟು ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ಐದನ್ನು ಎತ್ತಿ ಹೇಳಿತು.

ನಮಗೆ ಇದು ಹೊಸದಲ್ಲ. ಅಹಿಂಸಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳನ್ನು ನೆನೆಯಿರಿ. ಬಂಧ ಎಂದರೆ ಬಿಗಿದು ಕಟ್ಟುವುದು. ವಧ ಎಂದರೆ ಇಲ್ಲಿ ಹೊಡೆಯುವುದು. ಛೇದ ಎಂದರೆ ಅಂಗ ಕೊಯ್ಯುವುದು. ಅತಿಭಾರಾರೋಪಣ ಎಂದರೆ ಶಕ್ತಿ ಮೀರಿ ಹೊರೆ ಹೇರುವುದು. ಅನ್ನಪಾನನಿರೋಧ ಎಂದರೆ ಅನ್ನ ನೀರು ತಪ್ಪಿಸುವುದು. ಇವು ಕಟುಕನಿಗೆ ಹೇಳಿದ ಮಾತಲ್ಲ, ಕೊಲ್ಲುವುದಿಲ್ಲವೆಂದು ವ್ರತ ತೊಟ್ಟ ಶ್ರಾವಕನಿಗೆ ಹೇಳಿದ್ದು. ತಾಯಿಯ ಗಿಣ್ಣು ಹಾಲನ್ನೂ ಸರಿಯಾಗಿ ಕೊಡದೆ ಕರುವನ್ನು ಪೇಟೆಗೆ ತಂದು ಬಿಡುವುದು ಅನ್ನಪಾನನಿರೋಧವಲ್ಲದೆ ಮತ್ತೇನು? ಆ ಹಾಲನ್ನು ಕೊಂಡು ಕುಡಿಯುವ ನಮಗೂ ಇದರಲ್ಲಿ ಪಾಲಿದೆ.

ಸಾಕುವವರನ್ನು ಬೈದು ಪ್ರಯೋಜನವಿಲ್ಲ. ಎರಡು ಹಸು ಕಟ್ಟಿದ ಮನೆಗೆ ಒಂದು ಹೋರಿಯ ಮೇವೂ ಭಾರವೇ. ಹಾಗಾದರೆ ಏನು ಮಾಡಬಹುದು?

ಒಂದು, ಹೆಣ್ಣು ಕರುವೇ ಹುಟ್ಟುವ ಸಾಧ್ಯತೆ ಹೆಚ್ಚಿಸುವ ಲಿಂಗ ನಿರ್ಧರಿತ ವೀರ್ಯ ಈಗ ಬಳಕೆಯಲ್ಲಿದೆ. ಹಸುವಿಗೆ ಗರ್ಭಧಾರಣೆ ಮಾಡಿಸುವ ಮೊದಲೇ ಪಶುವೈದ್ಯರಲ್ಲಿ ವಿಚಾರಿಸಬೇಕು.

ಎರಡು, ಅಡಿಕೆ ತೋಟಕ್ಕೆ ಹಟ್ಟಿಗೊಬ್ಬರ ಬೇಕೇ ಬೇಕು. ತೋಟವಿರುವ ನಮ್ಮ ಕುಟುಂಬಗಳು ಒಂದೊಂದು ಹೋರಿಯನ್ನು ಗೊಬ್ಬರಕ್ಕೆಂದೇ ಸಾಕಬಹುದು.

ಮೂರು, ಗೋಶಾಲೆಗೆ ಕೊಡುವಾಗ ಎಷ್ಟು ದನ ಇವೆ ಎಂದಷ್ಟೇ ಕೇಳಬಾರದು. ಮಲಗಲು ಒಣ ಜಾಗ ಇದೆಯೇ, ಮಳೆಗಾಲಕ್ಕೆ ಬೈಹುಲ್ಲು ಇದೆಯೇ, ವೈದ್ಯರು ಬರುತ್ತಾರೆಯೇ ಎಂದು ನೋಡಬೇಕು. ಇಕ್ಕಟ್ಟಿನಲ್ಲಿ ಕೂಡಿಹಾಕುವುದೂ ಬಂಧವೇ. ಫಲಕದ ಮೇಲಿನ ಹೆಸರಿಗಿಂತ ಒಂದು ಲೋಡು ಬೈಹುಲ್ಲು ದೊಡ್ಡ ದಾನ.

ನಾಲ್ಕು, ಕಾಯಿಲೆ ಬಿದ್ದ, ಗಾಯಗೊಂಡ ದನ ಕಂಡರೆ 1962ಕ್ಕೆ ಕರೆ ಮಾಡಿ. ಅದು ಪಶು ಚಿಕಿತ್ಸಾ ವಾಹನದ ಸಹಾಯವಾಣಿ.

ನನ್ನ ಜಗಲಿಯ ಕರುವನ್ನು ಪರಿಚಯದ ತೋಟದವರೊಬ್ಬರು ಗೊಬ್ಬರಕ್ಕಾಗುತ್ತದೆಂದು ಒಯ್ದರು. ಅದರ ಬೈಹುಲ್ಲಿನ ಖರ್ಚು ನನ್ನದು. ಲೆಕ್ಕ ಹಾಕಿದರೆ ನಮ್ಮ ಮನೆಯ ಹಾಲಿನ ಖರ್ಚಿಗಿಂತ ಅದು ಕಡಿಮೆಯೇ. ನಮ್ಮ ಮನೆಗಳಲ್ಲಿ ಹಾಲಿನ ಲೆಕ್ಕ ಬರೆಯುವ ಪುಸ್ತಕದಲ್ಲಿ ಕರುವಿಗೂ ಒಂದು ಸಾಲು ಇರಲಿ.