ಮಾದರಿ ರೈಲುಬೋಗಿ: ಪೆಟ್ಟಿಗೆಯ ಮೇಲಿನ ಹೆಸರಿಗೆ ಒಳಗಿನ ಅಳತೆಯೇ ಸಾಕ್ಷಿ

ಅರ್ಧ ಮಿಲಿಮೀಟರಿನ ಬೆಲೆ ಎಷ್ಟೆಂಬುದನ್ನು ನಮ್ಮ ಜಿಲ್ಲೆಯ ಕಾಫಿ ವರ್ತಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 6.65 ಮಿ.ಮೀ. ರಂಧ್ರದ ಜರಡಿಯ ಮೇಲೆ ನಿಂತ ಬೀಜ ಪ್ಲಾಂಟೇಷನ್ ‘ಎ’. ಅಲ್ಲಿಂದ ಕೆಳಗಿಳಿದು 6 ಮಿ.ಮೀ. ಜರಡಿಯ ಮೇಲೆ ನಿಂತದ್ದು ‘ಬಿ’. ಗಿಡ ಒಂದೇ, ತೋಟ ಒಂದೇ, ದರ ಮಾತ್ರ ಬೇರೆ. ಚೀಲದ ಮೇಲೆ ‘ಎ’ ಎಂದು ಬರೆದು ಒಳಗೆ ‘ಬಿ’ ತುಂಬುವುದನ್ನು ಮೂಡಿಗೆರೆಯಲ್ಲಾಗಲಿ ಕಳಸದಲ್ಲಾಗಲಿ ಯಾರೂ ವ್ಯಾಪಾರವೆಂದು ಕರೆಯುವುದಿಲ್ಲ. ಈ ಜರಡಿಯ ನ್ಯಾಯವನ್ನು ಮತ್ತೊಂದು ಸರಕಿಗೂ ಅನ್ವಯಿಸಬೇಕೆಂಬುದೇ ಈ ಲೇಖನದ ಉದ್ದೇಶ. ಆ ಸರಕು ಮಾದರಿ ರೈಲು, ಅದರಲ್ಲಿಯೂ ಮುಖ್ಯವಾಗಿ ಪ್ರಯಾಣಿಕರ ಬೋಗಿ.

ಇದು ಮಕ್ಕಳಾಟದ ವಿಷಯವೆಂದು ತಳ್ಳಿಹಾಕುವವರಿದ್ದಾರೆ. ಆಟಿಕೆ ತಯಾರಿಕೆ ಇಂದು ರಾಜ್ಯದಲ್ಲಿ ಗಂಭೀರ ಉದ್ಯಮವಾಗಿದೆ. ಚನ್ನಪಟ್ಟಣದಲ್ಲಿ ಹಾಲೆ ಮರ ಮತ್ತು ಅರಗಿನ ಪರಂಪರೆಯಿದೆ. ಕೊಪ್ಪಳ ಜಿಲ್ಲೆಯಲ್ಲಿ ಆಟಿಕೆ ತಯಾರಿಕೆಗೆಂದೇ ಕೈಗಾರಿಕಾ ಸಮುಚ್ಚಯ ರೂಪುಗೊಂಡಿದೆ. ಇಂತಹ ಸಮಯದಲ್ಲಿ ಸಣ್ಣ ತಯಾರಕನು ಅಗ್ಗದ ಆಟಿಕೆಯಲ್ಲೇ ಉಳಿಯಬೇಕೇ ಅಥವಾ ಹೆಚ್ಚು ಮೌಲ್ಯದ ಮಾದರಿಯತ್ತ ಹೆಜ್ಜೆ ಇಡಬೇಕೇ ಎಂಬ ಪ್ರಶ್ನೆ ಸಹಜ. ಹೆಜ್ಜೆ ಇಡುವುದಾದರೆ ಅಳತೆಯ ನಿಷ್ಠೆ ಆ ವ್ಯಾಪಾರದ ಮೂಲ ಬಂಡವಾಳವೆಂಬುದು ನನ್ನ ಖಚಿತ ಅಭಿಪ್ರಾಯ.

ಆಟಿಕೆ ಬೇರೆ, ಮಾದರಿ ಬೇರೆ

ಹೊರನಾಡಿನಂತಹ ಯಾತ್ರಾಸ್ಥಳದ ಅಂಗಡಿಯಲ್ಲಿ ಸಿಗುವ ಮರದ ರೈಲಿಗೆ ಕಿಟಕಿ ನಾಲ್ಕೇ ಇರಬಹುದು, ಚಕ್ರಗಳು ಬೋಗಿಯಷ್ಟೇ ಎತ್ತರವಿರಬಹುದು. ಅದರಲ್ಲಿ ದೋಷವೇನೂ ಇಲ್ಲ. ಅದು ಯಾವ ರೈಲಿನ ಹೆಸರನ್ನೂ ಹೇಳಿಕೊಂಡಿಲ್ಲ. ಮಗುವಿನ ಕೈಯಲ್ಲಿ ಮುರಿಯದೆ ಉರುಳಿದರೆ ಅದರ ಧರ್ಮ ನೆರವೇರಿತು. ಆದರೆ ಪೆಟ್ಟಿಗೆಯ ಮೇಲೆ ‘ಭಾರತೀಯ ರೈಲ್ವೆಯ ಸ್ಲೀಪರ್ ಬೋಗಿ, 1:87’ ಎಂದು ಮುದ್ರಿಸಿದ ಕ್ಷಣದಿಂದ ತಯಾರಕನು ಒಂದು ಹೇಳಿಕೆಗೆ ಸಹಿ ಹಾಕಿದಂತಾಯಿತು. ಯಾವುದೋ ಹೊರದೇಶದ ಬೋಗಿಯ ಅಚ್ಚಿಗೆ ನಮ್ಮ ನೀಲಿ ಬಣ್ಣ ಬಳಿದು, ನಮ್ಮ ರೈಲಿನ ಹೆಸರು ಅಂಟಿಸಿದ ಪೆಟ್ಟಿಗೆಯೊಂದನ್ನು ನಾನು ಅಂಗಡಿಯೊಂದರಲ್ಲಿ ಕಂಡಿದ್ದೇನೆ. ಇದು ಚೀಲದ ಮೇಲೆ ‘ಎ’ ಎಂದು ಬರೆಯುವ ಕೆಲಸಕ್ಕಿಂತ ಭಿನ್ನವಲ್ಲ.

ಕಾನೂನಿನ ದೃಷ್ಟಿಯಲ್ಲಿ ಇವೆರಡರ ನಡುವಿನ ಗೆರೆ ತೆಳುವಾದದ್ದು. ಸುಂಕದ ಪಟ್ಟಿಯಲ್ಲಿ ಆಟಿಕೆಯೂ ಅಳತೆಗೆ ಇಳಿಸಿದ ಮಾದರಿಯೂ 9503 ಎಂಬ ಒಂದೇ ಶೀರ್ಷಿಕೆಯಡಿ ಬರುತ್ತವೆ. 2020ರ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶವು 2021ರ ಜನವರಿ 1ರಿಂದ ಜಾರಿಗೆ ಬಂದಿತು. ಅದು 14 ವರ್ಷದೊಳಗಿನ ಮಕ್ಕಳ ಆಟಕ್ಕೆಂದು ರೂಪಿಸಿದ ಅಥವಾ ಸ್ಪಷ್ಟವಾಗಿ ಉದ್ದೇಶಿಸಿದ ವಸ್ತುವನ್ನು ಆಟಿಕೆಯೆಂದು ಪರಿಗಣಿಸಿ ಐ.ಎಸ್.ಐ. ಗುರುತನ್ನು ಬಯಸುತ್ತದೆ. ‘ಸಂಗ್ರಹಕಾರರಿಗಾಗಿ’ ಎಂದು ಪೆಟ್ಟಿಗೆಯ ಮೂಲೆಯಲ್ಲಿ ಬರೆದ ಮಾತ್ರಕ್ಕೆ ಹೊಣೆ ತಪ್ಪುತ್ತದೆಂದು ಯಾರೂ ಭಾವಿಸಬಾರದು. ವಸ್ತುವಿನ ರಚನೆಯೇ ಅದರ ಉದ್ದೇಶವನ್ನು ಹೇಳಬೇಕು.

ನಿಜವಾದ ಬೋಗಿಯ ಲೆಕ್ಕ

ಈಗ ಅಳತೆಗೆ ಬರೋಣ. ಪೆರಂಬೂರಿನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ ಉದ್ಘಾಟನೆಯಾದದ್ದು 1955ರ ಅಕ್ಟೋಬರ್ 2ರಂದು. ಸ್ವಿಟ್ಜರ್ಲೆಂಡಿನ ತಾಂತ್ರಿಕ ನೆರವಿನಿಂದ ಅಲ್ಲಿ ಆರಂಭವಾದ ವಿನ್ಯಾಸವೇ ನಮ್ಮ ಪೀಳಿಗೆಯ ರೈಲುಪ್ರಯಾಣದ ನೆನಪುಗಳನ್ನೆಲ್ಲ ಹೊತ್ತ ಐ.ಸಿ.ಎಫ್. ಬೋಗಿ. 2018ರ ಜನವರಿಯಲ್ಲಿ ಆ ಕಾರ್ಖಾನೆ ಈ ವಿನ್ಯಾಸದ ತಯಾರಿಕೆಯನ್ನು ನಿಲ್ಲಿಸಿತು. ಅದರ ಸ್ಥಾನಕ್ಕೆ ಬಂದದ್ದು ಜರ್ಮನ್ ಮೂಲದ ಎಲ್.ಎಚ್.ಬಿ. ವಿನ್ಯಾಸ, ಅದರ ಮೊದಲ ಬೋಗಿಗಳು ನಮ್ಮ ದೇಶಕ್ಕೆ ಬಂದದ್ದು 2000ದ ಸುಮಾರಿಗೆ.

ಐ.ಸಿ.ಎಫ್. ಬೋಗಿಯ ಮೈ 21,337 ಮಿ.ಮೀ. ಉದ್ದ, ಎಲ್.ಎಚ್.ಬಿ. 23,540 ಮಿ.ಮೀ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಎಚ್.ಓ. ಅಳತೆಗೆ, ಅಂದರೆ 1:87ಕ್ಕೆ ಇಳಿಸಿದರೆ ಮೊದಲನೆಯದು 245 ಮಿ.ಮೀ., ಎರಡನೆಯದು 270 ಮಿ.ಮೀ.ಗಿಂತ ತುಸು ಹೆಚ್ಚು. ಅಗಲ ಎರಡಕ್ಕೂ 37 ಮಿ.ಮೀ. ಆಸುಪಾಸು. ಒಂದೇ ಅಚ್ಚಿನಲ್ಲಿ ಎರಡನ್ನೂ ಮುಗಿಸಿ ಬಣ್ಣ ಮಾತ್ರ ಬದಲಿಸುವ ಆಸೆ ಹುಟ್ಟುವುದು ಇಲ್ಲಿಯೇ. ಆದರೆ ಐ.ಸಿ.ಎಫ್. ಸ್ಲೀಪರ್ ಬೋಗಿಯಲ್ಲಿ 72 ಮಲಗುವ ಸ್ಥಾನಗಳು, ಎಲ್.ಎಚ್.ಬಿ.ಯಲ್ಲಿ 80. ಎಂಟೆಂಟರ ಲೆಕ್ಕದಲ್ಲಿ ಮೊದಲನೆಯದಕ್ಕೆ ಒಂಬತ್ತು ಅಂಕಣ, ಎರಡನೆಯದಕ್ಕೆ ಹತ್ತು. ಹಳೆಯ ಅಚ್ಚಿಗೆ ಹೊಸ ಹೆಸರಿಟ್ಟರೆ ಒಂದು ಅಂಕಣವೇ ಮಾಯ, ಎಂಟು ಪ್ರಯಾಣಿಕರು ಪ್ಲಾಟ್‌ಫಾರಂ ಮೇಲೆಯೇ ಉಳಿದಂತೆ!

ನಮ್ಮಲ್ಲಿ ಇಡೀ ಗಾಡಿಯನ್ನೇ ಬೋಗಿ ಎನ್ನುವುದು ರೂಢಿ. ತಾಂತ್ರಿಕವಾಗಿ ಬೋಗಿಯೆಂದರೆ ಕೆಳಗಿನ ಚಕ್ರಗಳ ಚೌಕಟ್ಟು. ಎರಡು ವಿನ್ಯಾಸಗಳಲ್ಲಿ ಈ ಚೌಕಟ್ಟುಗಳೂ ಬೇರೆ, ಕೊಂಡಿಗಳೂ ಬೇರೆ. ಐ.ಸಿ.ಎಫ್.ಗೆ ತಿರುಪಿನ ಕೊಂಡಿ ಮತ್ತು ಎರಡು ಬದಿಯ ಬಫರ್, ಎಲ್.ಎಚ್.ಬಿ.ಗೆ ನಡುವಿನ ಒಂದೇ ಕೊಂಡಿ.

ಲೆಕ್ಕಪರಿಶೋಧಕನಿಗೆ ಬಹಳ ಪ್ರಿಯವಾಗುವ ಸಂಗತಿ ಮತ್ತೊಂದಿದೆ. ನಮ್ಮ ಬೋಗಿಗಳ ಸಂಖ್ಯೆಯ ಮೊದಲ ಎರಡು ಅಂಕಿಗಳು ಅದು ತಯಾರಾದ ವರ್ಷವನ್ನು ಸೂಚಿಸುತ್ತವೆ. 98ರಿಂದ ಆರಂಭವಾದದ್ದು 1998ರ ಬೋಗಿ. ಆದ್ದರಿಂದ 95ರ ಸಂಖ್ಯೆ ಹೊತ್ತ ಎಲ್.ಎಚ್.ಬಿ. ಬೋಗಿ ಇರಲು ಸಾಧ್ಯವೇ ಇಲ್ಲ. ಹಾಗೆಯೇ ಹುಬ್ಬಳ್ಳಿಯ ನೈರುತ್ಯ ರೈಲ್ವೆ ವಲಯ ಕಾರ್ಯಾರಂಭ ಮಾಡಿದ್ದು 2003ರ ಏಪ್ರಿಲ್ 1ರಂದು. ನಮ್ಮ ಬೋಗಿಗಳು ಹಳೆಯ ಕಂದುಗೆಂಪನ್ನು ಬಿಟ್ಟು ನೀಲಿಗೆ ತಿರುಗಿದ್ದು 1990ರ ದಶಕದಲ್ಲಿ. 1980ರ ದಶಕದ ಕಂದುಗೆಂಪು ಬೋಗಿಯೆಂದು ಮಾರುವ ಮಾದರಿಯ ಮೇಲೆ ನೈರುತ್ಯ ರೈಲ್ವೆಯ ಹೆಸರು ಬರೆದರೆ, ಸರಕು ಖರೀದಿಸುವ ಮೊದಲೇ ಅದರ ಮಾರಾಟದ ಬಿಲ್ಲು ಹರಿದಂತಾಗುತ್ತದೆ. ಇಂತಹ ತಪ್ಪನ್ನು ತಿದ್ದಲು ಒಂದು ಪೈಸೆಯೂ ಹೆಚ್ಚಿಗೆ ಬೇಕಾಗಿಲ್ಲ. ಮುದ್ರಣಕ್ಕೆ ಮುನ್ನ ವಿಚಾರಿಸಿದರೆ ಸಾಕು.

ಸತ್ಯ ಮತ್ತು ನ್ಯಾಯಯುತ ಚಿತ್ರಣ

ಹಾಗಾದರೆ ಪ್ರತಿ ಮೊಳೆಯನ್ನೂ ಎಣಿಸಿ ಇಳಿಸಬೇಕೇ? ಬೇಡ, ಸಾಧ್ಯವೂ ಇಲ್ಲ. ಕಿಟಕಿಯ ಸರಳು 12 ಮಿ.ಮೀ. ದಪ್ಪವಿದೆಯೆಂದು ಇಟ್ಟುಕೊಂಡರೆ 1:87ರಲ್ಲಿ ಅದು ಸುಮಾರು 0.14 ಮಿ.ಮೀ. ಅಚ್ಚಿನಲ್ಲಿ ಪ್ಲಾಸ್ಟಿಕ್ ಅಷ್ಟು ತೆಳುವಾಗಿ ಹರಿಯದು, ಹರಿದರೂ ಕೈ ತಗಲಿದರೆ ಉಳಿಯದು. ತುಸು ದಪ್ಪ ಮಾಡಲೇಬೇಕು. ಆದರೆ ಸರಳನ್ನೇ ಬಿಟ್ಟುಬಿಟ್ಟರೆ ಅದು ನಮ್ಮ ಸ್ಲೀಪರ್ ಬೋಗಿಯಾಗಿ ಉಳಿಯುವುದಿಲ್ಲ.

ಹಳಿಯ ತೊಡಕು ಇದಕ್ಕಿಂತ ದೊಡ್ಡದು. ಮಾರುಕಟ್ಟೆಯಲ್ಲಿ ಸಿಗುವ ಎಚ್.ಓ. ಹಳಿಯ ಅಗಲ 16.5 ಮಿ.ಮೀ. ಇದನ್ನು 87ರಿಂದ ಗುಣಿಸಿದರೆ ಬರುವುದು ಯುರೋಪಿನ 1,435 ಮಿ.ಮೀ. ಹಳಿ. ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ. 1:87ರಲ್ಲಿ ಅದು 19.26 ಮಿ.ಮೀ. ಆಗಬೇಕು. ಅಂದರೆ ಮೇಲಿನ ಮೈ ಸರಿಯಾಗಿದ್ದರೂ ಕೆಳಗಿನ ಚಕ್ರಗಳು ಸುಮಾರು ಮುಕ್ಕಾಲಂಶ ಸೇರಿ ಎರಡು ಮಿ.ಮೀ.ಗಳಷ್ಟು ಒಳಸರಿದು ನಿಲ್ಲುತ್ತವೆ. 1:100ರ ಅಳತೆ ಹಿಡಿದರೆ ಹಳಿ ಬಹುಮಟ್ಟಿಗೆ ಹೊಂದುತ್ತದೆ. ಆದರೆ ಗ್ರಾಹಕನ ಬಳಿ ಈಗಾಗಲೇ ಇರುವ ನಿಲ್ದಾಣ, ಮನುಷ್ಯರ ಗೊಂಬೆ, ಎಂಜಿನ್‌ಗಳ ಪಕ್ಕದಲ್ಲಿ ಬೋಗಿ ಕುಬ್ಜವಾಗಿ ಕಾಣುತ್ತದೆ. ನನ್ನ ಸಲಹೆ ಕೇಳಿದರೆ, ಮೈಯನ್ನು 1:87ರಲ್ಲಿ ನಿಷ್ಠೆಯಿಂದ ಮಾಡಿ, ಚಕ್ರವನ್ನು 16.5 ಮಿ.ಮೀ. ಹಳಿಗೆ ಹೊಂದಿಸಿ, ಆ ವಿಷಯವನ್ನು ಪೆಟ್ಟಿಗೆಯ ಮೇಲೆಯೇ ಬರೆಯುವುದು ಉತ್ತಮ. ಓಡದ ಬೋಗಿಯನ್ನು ಕೊಳ್ಳುವವರು ಕಡಿಮೆ.

ಇಲ್ಲಿ ನಮ್ಮ ವೃತ್ತಿಯ ಒಂದು ತತ್ತ್ವ ಉಪಯೋಗಕ್ಕೆ ಬರುತ್ತದೆ. 2013ರ ಕಂಪನಿ ಕಾಯಿದೆಯ 129ನೇ ಕಲಮು ಹಣಕಾಸಿನ ತಃಖ್ತೆಗಳು ಸತ್ಯ ಹಾಗೂ ನ್ಯಾಯಯುತ ಚಿತ್ರಣ ನೀಡಬೇಕೆಂದು ಹೇಳುತ್ತದೆ. ಕೊನೆಯ ಪೈಸೆಯವರೆಗೆ ನಿಖರವಾಗಿರಬೇಕೆಂದು ಇದರ ಅರ್ಥವಲ್ಲ. ಓದುವವನ ನಿರ್ಧಾರವನ್ನು ಬದಲಿಸಬಲ್ಲ ಅಂಶಗಳಲ್ಲಿ ತಪ್ಪಿರಬಾರದು. ಅನಿವಾರ್ಯವಾಗಿ ವ್ಯತ್ಯಾಸ ಮಾಡಿದ್ದರೆ ಅದನ್ನು ಟಿಪ್ಪಣಿಯಲ್ಲಿ ತಿಳಿಸಬೇಕು. ಮಾದರಿ ಬೋಗಿಗೂ ಇದೇ ಮಾನದಂಡ ಸಾಕು. ಉದ್ದ, ಅಗಲ, ಕಿಟಕಿಗಳ ಸಂಖ್ಯೆ ಮತ್ತು ಅಂತರ, ಛಾವಣಿಯ ಬಾಗು, ಚಕ್ರದ ಚೌಕಟ್ಟಿನ ಬಗೆ, ಬಣ್ಣ, ಸಂಖ್ಯೆ ಇವು ಮಹತ್ವದ ಅಂಶಗಳು. ಸರಳಿನ ದಪ್ಪ, ಹಳಿಯ ಅಗಲ ಇವು ಟಿಪ್ಪಣಿಗೆ ಸೇರುವಂತಹವು.

ಜರ್ಮನಿಯ ಅನುಭವ ಇದಕ್ಕೆ ನಿದರ್ಶನ. ಅಲ್ಲಿನ 26.4 ಮೀಟರ್ ಉದ್ದದ ಬೋಗಿ 1:87ರಲ್ಲಿ 303 ಮಿ.ಮೀ. ಆಗಬೇಕು. ಮನೆಯ ಮೇಜಿನ ಮೇಲಿನ ಕಡಿದಾದ ತಿರುವಿನಲ್ಲಿ ಅಷ್ಟುದ್ದದ ಬೋಗಿ ಹೊರಚಾಚುತ್ತದೆಂದು ತಯಾರಕರು ಉದ್ದವನ್ನು ಮಾತ್ರ 1:100ಕ್ಕೆ, ಅಂದರೆ 264 ಮಿ.ಮೀ.ಗೆ ಇಳಿಸಿದರು, ಮುಂದೆ 282 ಮಿ.ಮೀ. ಬೋಗಿಗಳೂ ಬಂದವು, ಪೂರ್ಣ ಉದ್ದದವೂ ಬಂದವು. ಉದ್ದದ ಅಳತೆ ಯಾವುದೆಂದು ಅವರ ಪಟ್ಟಿಗಳಲ್ಲಿ ನಮೂದಾಗಿರುತ್ತದೆ. ಗ್ರಾಹಕನು ತಿಳಿದು ಆರಿಸುತ್ತಾನೆ. ತಿಳಿಸಿ ಮಾಡಿದ ಕಡಿತವನ್ನು ಯಾರೂ ವಂಚನೆ ಎನ್ನುವುದಿಲ್ಲ.

ವೆಚ್ಚದ ಲೆಕ್ಕಾಚಾರ

ನಿಖರತೆಗೆ ಖರ್ಚು ಹೆಚ್ಚು ಎಂಬುದು ಸಾಮಾನ್ಯ ಆಕ್ಷೇಪ. ಒಂದು ಕಾಲ್ಪನಿಕ ಲೆಕ್ಕವನ್ನು ನೋಡೋಣ. ಅಚ್ಚುಗಳಿಗೆ ರೂ. 6,00,000, ಅಳತೆ, ಛಾಯಾಚಿತ್ರ ಮತ್ತು ನಕ್ಷೆಗೆ ರೂ. 60,000 ಎಂದಿಟ್ಟುಕೊಳ್ಳಿ. 2,000 ಬೋಗಿ ಮಾರಾಟವಾದರೆ ತಲಾ ಅಚ್ಚಿನ ಹೊರೆ ರೂ. 300, ನಕ್ಷೆಯ ಹೊರೆ ರೂ. 30. ಆ ಮೂವತ್ತು ರೂಪಾಯಿ ಉಳಿಸಲು ಹೋಗಿ ತಪ್ಪು ಬೋಗಿ ಮಾಡಿ 500ಕ್ಕೇ ಮಾರಾಟ ನಿಂತರೆ ಅಚ್ಚಿನ ಹೊರೆಯೊಂದೇ ರೂ. 1,200. ತಪ್ಪು ಅಚ್ಚಿಗೂ ಸರಿಯಾದ ಅಚ್ಚಿಗೂ ಬೇಕಾಗುವ ಉಕ್ಕು ಒಂದೇ, ಯಂತ್ರದ ಗಂಟೆಗಳೂ ಒಂದೇ. ಕಾಗದದ ಮೇಲಿನ ಗೆರೆಯನ್ನು ರಬ್ಬರಿನಿಂದ ಅಳಿಸಬಹುದು, ಉಕ್ಕಿನ ಮೇಲಿನದನ್ನು ಅಳಿಸಲಾಗದು.

ಉಳಿತಾಯವನ್ನು ಬೇರೆಡೆ ಹುಡುಕಬೇಕು. ಒಂದೇ ವಿನ್ಯಾಸದ ಬೋಗಿಗಳಿಗೆ ತಳ, ಚಕ್ರದ ಚೌಕಟ್ಟು ಮೊದಲಾದವು ಸಾಮಾನ್ಯವಾಗಿರಲಿ, ಪಕ್ಕದ ಗೋಡೆಗಳು ಮಾತ್ರ ಪ್ರತ್ಯೇಕವಿರಲಿ. ಆಗ ಸರಳಿನ ಕಿಟಕಿಯ ಸ್ಲೀಪರ್, ಮುಚ್ಚಿದ ಗಾಜಿನ ಹವಾನಿಯಂತ್ರಿತ ಬೋಗಿ ಇವೆರಡನ್ನೂ ಹೆಚ್ಚಿನ ಅಚ್ಚುಗಳಿಲ್ಲದೆ ಸರಿಯಾಗಿಯೇ ಮಾಡಬಹುದು.

ಮೂಲ ಆಕರಗಳಿಗೂ ನಮ್ಮಲ್ಲಿ ಕೊರತೆಯಿಲ್ಲ. 1979ರಲ್ಲಿ ಆರಂಭವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ 1899ರ ಮಹಾರಾಣಿಯವರ ಸಲೂನ್ ಬೋಗಿಯಿದೆ. ಹುಬ್ಬಳ್ಳಿಯಲ್ಲಿಯೂ 2020ರಲ್ಲಿ ಇಂತಹ ಸಂಗ್ರಹಾಲಯ ತೆರೆಯಿತು. 2008ರಲ್ಲಿ ಓಡಲಾರಂಭಿಸಿದ ಸುವರ್ಣ ರಥದ ನೇರಳೆ ಮತ್ತು ಚಿನ್ನದ ಬಣ್ಣದ ಬೋಗಿಗಳಿಗೆ ಕದಂಬ, ಹೊಯ್ಸಳ, ರಾಷ್ಟ್ರಕೂಟ ಮುಂತಾದ ರಾಜವಂಶಗಳ ಹೆಸರುಗಳಿವೆ. 2021ರ ಜುಲೈನಲ್ಲಿ ಸಕಲೇಶಪುರ ಘಟ್ಟದ ಮೂಲಕ ಮಂಗಳೂರಿಗೆ ಹೋಗುವ ರೈಲಿಗೆ ವಿಸ್ಟಾಡೋಮ್ ಬೋಗಿ ಸೇರಿತು. ಮಲೆನಾಡಿಗೆ ಬರುವ ಪ್ರವಾಸಿಗೆ ಇದಕ್ಕಿಂತ ಉತ್ತಮ ನೆನಪಿನ ಕಾಣಿಕೆ ಯಾವುದು? ರೈಲ್ವೆಯ ಲಾಂಛನ ಮತ್ತು ಹೆಸರುಗಳ ಬಳಕೆಗೆ ಅನುಮತಿಯ ವಿಚಾರವನ್ನು ಮಾತ್ರ ಮೊದಲೇ ಇತ್ಯರ್ಥ ಮಾಡಿಕೊಳ್ಳುವುದು ಲೇಸು.

ಸುಂಕದ ಆಸರೆ ಶಾಶ್ವತವಲ್ಲ

ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೂ 2023ರಲ್ಲಿ ಶೇ. 70ಕ್ಕೂ ಏರಿತು. ಇದು ನಮ್ಮ ತಯಾರಕರಿಗೆ ಒಳ್ಳೆಯ ಆಸರೆಯೇ. ಆದರೆ ಸರ್ಕಾರ ಅಧಿಸೂಚನೆಯಿಂದ ಕೊಟ್ಟದ್ದನ್ನು ಅಧಿಸೂಚನೆಯಿಂದಲೇ ಹಿಂಪಡೆಯಬಹುದು. ನಮ್ಮ ಬೋಗಿಯನ್ನು ನಾವೇ ಚೆನ್ನಾಗಿ ಬಲ್ಲೆವೆಂಬ ಅನುಕೂಲವನ್ನು ಮಾತ್ರ ಯಾವ ಅಧಿಸೂಚನೆಯೂ ಕಸಿಯಲಾರದು. ಹಾಗೆಂದು ನಿಖರತೆಯೊಂದೇ ಎಲ್ಲಕ್ಕೂ ಮದ್ದಲ್ಲ. 1859ರಲ್ಲಿ ಸ್ಥಾಪನೆಯಾದ ಜರ್ಮನಿಯ ಪ್ರಸಿದ್ಧ ಮಾರ್ಕ್ಲಿನ್ ಸಂಸ್ಥೆಯೂ ತನ್ನ 150ನೇ ವರ್ಷದಲ್ಲಿ, 2009ರ ಫೆಬ್ರವರಿಯಲ್ಲಿ, ದಿವಾಳಿ ಅರ್ಜಿ ಸಲ್ಲಿಸಬೇಕಾಯಿತು. ಸಣ್ಣ ಸಂಖ್ಯೆಯಲ್ಲಿ ತಯಾರಿಸಿ, ಮುಂಗಡ ಬೇಡಿಕೆ ನೋಡಿ ಮುಂದುವರಿಯುವುದು ಜಾಣತನ.

ಆದುದರಿಂದ ಮಂಡಳಿಯ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೆ. ತಯಾರಕರು ಪ್ರತಿ ಪೆಟ್ಟಿಗೆಯ ಮೇಲೆ ನಾಲ್ಕು ಸಾಲು ಮುದ್ರಿಸಲಿ: ಮೂಲ ಬೋಗಿ ಯಾವುದು, ಯಾವ ಕಾಲದ್ದು, ಮೈಯ ಅಳತೆ ಎಷ್ಟು, ಮೂಲಕ್ಕಿಂತ ಎಲ್ಲಿ ವ್ಯತ್ಯಾಸ ಮಾಡಲಾಗಿದೆ. ಈ ನಾಲ್ಕು ಸಾಲು ಬರೆಯಲಾಗದಿದ್ದರೆ ‘ಆಟಿಕೆ ರೈಲು’ ಎಂದಷ್ಟೇ ಬರೆದು ಆಟಿಕೆಯ ದರಕ್ಕೆ ಮಾರಲಿ; ಅದರಲ್ಲಿ ಅವಮಾನವೇನಿಲ್ಲ. ವರ್ತಕರು ಮಾದರಿಯ ಬೆಲೆ ಕೇಳುವ ಸರಕನ್ನು ಈ ನಾಲ್ಕು ಸಾಲಿಲ್ಲದೆ ಖರೀದಿಸದಿರಲಿ. 2019ರಲ್ಲಿ ಬಾಬಾಬುಡನ್‌ಗಿರಿ ಮತ್ತು ಚಿಕ್ಕಮಗಳೂರು ಅರೇಬಿಕಾಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಾಗ ನಾವೆಲ್ಲರೂ ಹೆಮ್ಮೆಪಟ್ಟೆವು. ಹೆಸರಿಗೆ ತಕ್ಕ ಸರಕು ಒಳಗಿರಬೇಕೆಂಬುದನ್ನು ಒಪ್ಪಿಕೊಂಡೆವು. ಚೀಲಕ್ಕೆ ಒಪ್ಪಿದ ಆ ಮಾತನ್ನು ಪೆಟ್ಟಿಗೆಗೂ ಒಪ್ಪಬೇಕು.