ಬಹುಮಾನದ ನಂತರ ಏನು?

ಬಡವರ ಮಕ್ಕಳು ಶ್ರೀಮಂತ ಸಂಸ್ಥೆಗಳ ಮಕ್ಕಳನ್ನು ಸೋಲಿಸಿದ ಕಥೆಗಳು ನಮ್ಮೆಲ್ಲರಿಗೂ ಪ್ರಿಯ. ಕೇಳುತ್ತೇವೆ, ಮೆಚ್ಚುತ್ತೇವೆ, ಮರುದಿನ ಮರೆಯುತ್ತೇವೆ. ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿರುವ ಕಾರ್ಲ್ ಹೇಡನ್ ಹೈಸ್ಕೂಲಿನ ನಾಲ್ವರು ಹುಡುಗರ ಕಥೆಗೂ ಹೆಚ್ಚುಕಡಿಮೆ ಇದೇ ಗತಿಯಾಗಿದೆ. 2005ರಲ್ಲಿ ಜೋಶುವಾ ಡೇವಿಸ್ ಎಂಬ ಪತ್ರಕರ್ತರು ಅದನ್ನು ಲೋಕಕ್ಕೆ ತಿಳಿಸಿದರು. 2014ರಲ್ಲಿ ಅದು ಪುಸ್ತಕವಾಯಿತು, 2015ರಲ್ಲಿ ಚಲನಚಿತ್ರವಾಯಿತು. ಗೆಲುವಿನ ರೋಮಾಂಚನವನ್ನು ಬದಿಗಿಟ್ಟು, ಆ ಗೆಲುವು ಯಾವ ಬಗೆಯದೆಂದು ಸ್ವಲ್ಪ ವಿಚಾರಿಸೋಣ.

2004ರ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾ ವಿಶ್ವವಿದ್ಯಾನಿಲಯದಲ್ಲಿ ನೀರೊಳಗೆ ಕೆಲಸ ಮಾಡುವ ರೋಬೋಟುಗಳ ಸ್ಪರ್ಧೆ ನಡೆಯಿತು. ಮುಳುಗಿದ ಜಲಾಂತರ್ಗಾಮಿಯೊಂದರ ಮಾದರಿಯನ್ನು ಈಜುಕೊಳದ ತಳದಲ್ಲಿ ಇರಿಸಲಾಗಿತ್ತು. ಯಂತ್ರವನ್ನು ದಡದಿಂದಲೇ ನಡೆಸಿ ಅಳತೆ ತೆಗೆಯಬೇಕು, ನೀರಿನ ಉಷ್ಣತೆಯನ್ನು ಗುರುತಿಸಬೇಕು, ಪೀಪಾಯಿಯೊಂದರ ಕಿರಿದಾದ ಬಾಯಿಯಿಂದ ದ್ರವವನ್ನು ಹೀರಿ ತರಬೇಕು. ಕಾರ್ಲ್ ಹೇಡನ್ ಶಾಲೆಯವರು ತಮ್ಮ ವಯಸ್ಸಿನವರ ವಿಭಾಗವನ್ನು ಬಿಟ್ಟು ಕಾಲೇಜುಗಳ ವಿಭಾಗಕ್ಕೆ ಹೆಸರು ಕೊಟ್ಟರು. ಕಾಲೇಜಿನವರೆದುರು ಸೋತರೆ ಅವಮಾನವಿಲ್ಲವಲ್ಲ ಎಂಬುದು ಅವರ ಲೆಕ್ಕ. ಎದುರಿಗೆ ಜಗದ್ವಿಖ್ಯಾತ ಎಂಐಟಿಯ ತಂಡ. ಅವರ ಖರ್ಚು ಹನ್ನೊಂದು ಸಾವಿರ ಡಾಲರಿಗೂ ಮಿಗಿಲು. ಇವರದು ಸುಮಾರು 800 ಡಾಲರ್.

ಈ ಅಂಕೆಗಳನ್ನು ಹೇಳಿ ಬಡತನವನ್ನೇ ಹೊಗಳುವವರಿದ್ದಾರೆ. ನಮಗೆ ಅದು ಒಪ್ಪಿಗೆಯಿಲ್ಲ. ಬಡತನ ಯಾರಿಗೂ ಯಂತ್ರಶಾಸ್ತ್ರವನ್ನು ಕಲಿಸಿದ್ದಿಲ್ಲ. ಅವರಿಗೆ ಕಲಿಸಿದವರು ಇಬ್ಬರು ಶಿಕ್ಷಕರು. ಗೊತ್ತಿಲ್ಲದ್ದನ್ನು ದೂರವಾಣಿಯ ಮೂಲಕ ಅನುಭವಿ ತಂತ್ರಜ್ಞರಿಂದ ಕೇಳಿ ತಿಳಿಯುವ ಧೈರ್ಯವನ್ನೂ ಆ ಹುಡುಗರು ಬೆಳೆಸಿಕೊಂಡಿದ್ದರು. ಮನೆಗೆ ನೀರು ತರುವ ಪಿವಿಸಿ ಕೊಳವೆಯಿಂದ ಯಂತ್ರದ ಚೌಕಟ್ಟನ್ನು ಕಟ್ಟಿದ್ದು ಅಗ್ಗವೆಂಬ ಕಾರಣಕ್ಕೆ ಮಾತ್ರವಲ್ಲ. ಟೊಳ್ಳು ಕೊಳವೆಯೊಳಗಿನ ಗಾಳಿ ಯಂತ್ರವನ್ನು ತೇಲಿಸಲು ನೆರವಾಗುತ್ತದೆ, ತಂತಿಗಳನ್ನೂ ಅದರೊಳಗೇ ಹಾಯಿಸಬಹುದು. ಬ್ಯಾಟರಿಯನ್ನು ದಡದಲ್ಲಿರಿಸಿದರೆ ದಪ್ಪ ತಂತಿಯನ್ನು ಎಳೆದುಕೊಂಡೇ ಯಂತ್ರ ತಿರುಗಬೇಕಾಗುತ್ತದೆ. ಆದುದರಿಂದ ಅವರು ನೀರು ನುಗ್ಗದ ಪೆಟ್ಟಿಗೆಯಲ್ಲಿ ಬ್ಯಾಟರಿಯನ್ನಿಟ್ಟು ಯಂತ್ರದ ಮೇಲೆಯೇ ಕೂರಿಸಿದರು. ಪೆಟ್ಟಿಗೆ ಸೋರಿದರೆ ಎಲ್ಲವೂ ಮುಗಿದಂತೆ ಎಂಬುದು ಅವರಿಗೆ ತಿಳಿದಿತ್ತು. ಪಿವಿಸಿ ಅಂಟಿನ ಘಾಟಿನಿಂದಾಗಿ ಯಂತ್ರಕ್ಕೆ 'ಸ್ಟಿಂಕಿ', ಅಂದರೆ ನಾರುವವ, ಎಂಬ ಹೆಸರು ಬಿತ್ತು.

ಪೆಟ್ಟಿಗೆ ಸೋರಿಯೇ ಸೋರಿತು, ಅದೂ ಸ್ಪರ್ಧೆಯ ಸ್ಥಳವನ್ನು ತಲುಪಿದ ಮೇಲೆ. ಬೇರೆ ಪೆಟ್ಟಿಗೆ ಮಾಡಲು ಸಮಯವಿರಲಿಲ್ಲ. ನೀರನ್ನು ತಡೆಯಲಾಗದಿದ್ದರೆ ಹೀರಿಸಬಹುದಲ್ಲ ಎಂದು ಒಬ್ಬ ಹುಡುಗ ಯೋಚಿಸಿದ. ಮಹಿಳೆಯರು ಮುಟ್ಟಿನ ದಿನಗಳಲ್ಲಿ ಬಳಸುವ ಟ್ಯಾಂಪೂನ್ ಹೆಚ್ಚು ನೀರು ಹೀರುವ ವಸ್ತು ಎಂಬುದು ಅವನಿಗೆ ಹೊಳೆಯಿತು. ಅಂಗಡಿಗೆ ಹೋಗಿ, ಅಪರಿಚಿತ ಮಹಿಳೆಯೊಬ್ಬರನ್ನು ವಿಚಾರಿಸಿ ಕೊಂಡು ತಂದ. ಹದಿಹರೆಯದ ಹುಡುಗನಿಗೆ ಆ ಸಂಭಾಷಣೆಯೇ ಸ್ಪರ್ಧೆಗಿಂತ ಕಠಿಣವಾಗಿದ್ದೀತು! ಉಳಿದವರು ರಾತ್ರಿ ಕುಳಿತು ತಂತಿಗಳನ್ನು ಮತ್ತೆ ಬೆಸುಗೆ ಹಾಕಿದರು. ಮರುದಿನ ಯಂತ್ರ ಕೊಳಕ್ಕಿಳಿದು, ಬಹುತೇಕ ತಂಡಗಳಿಗೆ ಸಾಧ್ಯವಾಗದ ದ್ರವ ಹೀರುವ ಕೆಲಸವನ್ನೂ ಮಾಡಿ ತೋರಿಸಿತು.

ಆದರೂ ನೀರೊಳಗಿನ ಕೆಲಸದ ಅಂಕಗಳಲ್ಲಿ ಅವರು ಮೊದಲಿಗರಾಗಿರಲಿಲ್ಲ. ಎಂಐಟಿ ಅವರಿಗಿಂತ ಮುಂದಿತ್ತು. ಅವರನ್ನು ಮೇಲೆತ್ತಿದ್ದು ತೀರ್ಪುಗಾರರ ಪ್ರಶ್ನೆಗಳಿಗೆ ಕೊಟ್ಟ ಉತ್ತರ ಮತ್ತು ಬರೆದೊಪ್ಪಿಸಿದ ತಾಂತ್ರಿಕ ವರದಿ. ಮನೆಯಲ್ಲಿ ಸ್ಪ್ಯಾನಿಷ್ ಆಡುವ ಆ ಮಕ್ಕಳು ಇಂಗ್ಲಿಷಿನಲ್ಲಿ ಬರೆದ ವರದಿಗೇ ಬಹುಮಾನ ಬಂತು, ವಿನ್ಯಾಸಕ್ಕೂ ಬಂತು, ಕೊನೆಗೆ ಒಟ್ಟಾರೆ ಪ್ರಥಮ ಸ್ಥಾನವೂ ಬಂತು. ಎಂಐಟಿ ಎರಡನೆಯದಾಯಿತು.

ಇಲ್ಲಿ ಗ್ರೀಕ್ ದಾರ್ಶನಿಕ ಅರಿಸ್ಟಾಟಲನ ನೆನಪಾಗುವುದು ಸಹಜ. ಅನುಭವದಿಂದ ಕೆಲಸ ಮಾಡುವವನಿಗೆ 'ಹೀಗೆ' ಎಂಬುದು ಗೊತ್ತು, ಕಲೆಯನ್ನು ಬಲ್ಲವನಿಗೆ 'ಹೀಗೇಕೆ' ಎಂಬುದೂ ಗೊತ್ತು ಎಂಬ ಭೇದವನ್ನು ಆತ ಮಾಡುತ್ತಾನೆ. ಕಾರಣವನ್ನು ಅರಿತವನು ಮಾತ್ರ ಇನ್ನೊಬ್ಬನಿಗೆ ಕಲಿಸಬಲ್ಲ. ತೀರ್ಪುಗಾರರು ಪರೀಕ್ಷಿಸಿದ್ದು ಇದನ್ನೇ. ನಮ್ಮ ದೇಶದಲ್ಲೂ 2016ರಿಂದೀಚೆಗೆ ಹತ್ತು ಸಾವಿರದಷ್ಟು ಶಾಲೆಗಳಿಗೆ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು ಬಂದಿವೆ, ಸಂತೋಷ. ಆದರೆ ಶಾಲಾ ಪ್ರದರ್ಶನಗಳಲ್ಲಿ ನಾವು ಅತಿಥಿಗಳು, ಹೆತ್ತವರು, ಮಗುವಿನ ಯಂತ್ರದೆದುರು ನಿಂತು ಇದೇನು ಮಾಡುತ್ತದೆ ಎಂದು ಕೇಳಿ ಮುಂದೆ ಸಾಗುತ್ತೇವೆ. ಇದನ್ನು ಹೀಗೇಕೆ ಮಾಡಿದೆ, ಬೇರೆ ರೀತಿ ಮಾಡಿದ್ದರೆ ಏನಾಗುತ್ತಿತ್ತು ಎಂದು ಕೇಳುವ ವ್ಯವಧಾನ ನಮಗಿಲ್ಲ. ಕೇಳಿದರೆ, ಆ ಮಾದರಿಯನ್ನು ಮಾಡಿದವರು ಮಗುವೋ ಚಿಕ್ಕಪ್ಪನೋ ಎಂಬುದೂ ಅರ್ಧ ನಿಮಿಷದಲ್ಲಿ ತಿಳಿದುಬಿಡುತ್ತದೆ!

ಈಗ ಹೆಚ್ಚು ಕಹಿಯಾದ ವಿಷಯಕ್ಕೆ ಬರೋಣ. ಆ ಹುಡುಗರು ಎಳೆಯ ವಯಸ್ಸಿನಲ್ಲಿ ಮೆಕ್ಸಿಕೋದಿಂದ ಬಂದವರು, ಅಧಿಕೃತ ಕಾಗದಪತ್ರಗಳಿಲ್ಲದವರು. ಅಂಥ ಮಕ್ಕಳಿಗೂ ಶಾಲಾ ಶಿಕ್ಷಣವನ್ನು ನಿರಾಕರಿಸಕೂಡದೆಂದು ಅಮೆರಿಕದ ಸುಪ್ರೀಂ ಕೋರ್ಟು 1982ರಲ್ಲಿಯೇ ತೀರ್ಪಿತ್ತಿತ್ತು. ಆದರೆ 2006ರಲ್ಲಿ ಅರಿಜೋನಾದ ಮತದಾರರು, ಕಾಗದಪತ್ರವಿಲ್ಲದ ವಿದ್ಯಾರ್ಥಿಗಳಿಗೆ ರಾಜ್ಯವಾಸಿಗಳ ಕಡಿಮೆ ಶುಲ್ಕವೂ ಸರ್ಕಾರದ ನೆರವೂ ಸಲ್ಲದೆಂಬ ಕಾನೂನನ್ನು ಅಂಗೀಕರಿಸಿದರು. ತಂಡದ ಒಬ್ಬ ಹುಡುಗ ಶುಲ್ಕದ ಭಾರಕ್ಕೆ ವಿಶ್ವವಿದ್ಯಾನಿಲಯವನ್ನೇ ತೊರೆದ. ಗಡಿಯನ್ನು ಕಾಯುವ ಹಕ್ಕು ಪ್ರತಿಯೊಂದು ದೇಶಕ್ಕೂ ಇದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹೆತ್ತವರ ಕೈಹಿಡಿದು ಗಡಿ ದಾಟಿದ ಮಗು ಯಾವ ನಿರ್ಧಾರವನ್ನು ತಾನಾಗಿ ತೆಗೆದುಕೊಂಡಿತ್ತು? ಸಾರ್ವಜನಿಕರ ಹಣದಿಂದಲೇ ಹನ್ನೆರಡನೆಯ ತರಗತಿಯವರೆಗೆ ಓದಿಸಿ, ಬುದ್ಧಿ ಅರಳಿದ ಮೇಲೆ ಬಾಗಿಲು ಹಾಕಿಕೊಳ್ಳುವುದು ನ್ಯಾಯವಂತೂ ಅಲ್ಲ, ವ್ಯವಹಾರಜ್ಞಾನವೂ ಅಲ್ಲ.

ತಂಡದ ನಾಯಕರಲ್ಲೊಬ್ಬನಾದ ಆಸ್ಕರ್ ವಾಸ್ಕೆಸ್ 2009ರಲ್ಲಿ ಅರಿಜೋನಾ ಸ್ಟೇಟ್ ವಿಶ್ವವಿದ್ಯಾನಿಲಯದಿಂದ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದರು. ಪದವಿ ಇದ್ದರೂ ಕಾನೂನುಬದ್ಧವಾಗಿ ಕೆಲಸ ಮಾಡುವಂತಿಲ್ಲ. ಕಾನೂನಿನ ದಾರಿಯಲ್ಲಿಯೇ ಬರುತ್ತೇನೆಂದು ಅವರು ತಾವಾಗಿ ಮೆಕ್ಸಿಕೋಗೆ ಹಿಂದಿರುಗಿದರು. ಅದಕ್ಕೆ ಸಿಕ್ಕ ಉತ್ತರ ಹತ್ತು ವರ್ಷಗಳ ಪ್ರವೇಶ ನಿಷೇಧ. ಸೆನೆಟರ್ ಡಿಕ್ ಡರ್ಬಿನ್ ಮಧ್ಯೆ ಪ್ರವೇಶಿಸಿದ ಬಳಿಕ 2010ರಲ್ಲಿ ನಿಷೇಧ ಸಡಿಲವಾಯಿತು. ಮರುವರ್ಷ ಅವರು ಅಮೆರಿಕದ ಸೈನ್ಯಕ್ಕೆ ಸೇರಿ ಅಫ್ಘಾನಿಸ್ತಾನದಲ್ಲಿ ಸೇವೆ ಸಲ್ಲಿಸಿದರು. ಒಬ್ಬರಿಗೆ ಸೆನೆಟರರ ನೆರವು ದೊರೆಯಿತು. ಹೆಸರು ಪತ್ರಿಕೆಗೆ ಬಾರದ ಸಾವಿರಾರು ಮಕ್ಕಳ ಪರವಾಗಿ ಪತ್ರ ಬರೆಯುವವರು ಯಾರು?

2022ರ ನವೆಂಬರಿನಲ್ಲಿ ಅರಿಜೋನಾದ ಮತದಾರರು ಅಲ್ಪ ಬಹುಮತದಿಂದ ಆ ಶುಲ್ಕದ ನಿಯಮವನ್ನು ಬದಲಿಸಿ, ಆ ರಾಜ್ಯದಲ್ಲೇ ಹೈಸ್ಕೂಲು ಮುಗಿಸಿದ ಇಂಥ ಮಕ್ಕಳಿಗೂ ರಾಜ್ಯವಾಸಿಗಳ ಶುಲ್ಕವನ್ನೇ ಅನ್ವಯಿಸಿದರು. ಅಷ್ಟರಲ್ಲಿ ಸ್ಟಿಂಕಿಯನ್ನು ಕಟ್ಟಿದ ಹುಡುಗರಿಗೆ ಮೂವತ್ತು ದಾಟಿತ್ತು.